ತೇವ ನೋಡಿ ನೀರು ಬಿಡುವ ಡ್ರಿಪ್: ಒಂದು ಎಕರೆಗೆ ಬೋರ್‌ವೆಲ್‌ನಿಂದ ಸೆನ್ಸರ್‌ವರೆಗೆ

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಮಣ್ಣಿನ ತೇವ ಅಳೆಯುವ ಸೆನ್ಸರ್ ತಂದು, ಮಣ್ಣಿಗೆ ಚುಚ್ಚಿ, ಮೊಬೈಲಿನಲ್ಲಿ ಗೆರೆ ಏರಿಳಿಯುವುದನ್ನು ನಾಲ್ಕು ದಿನ ನೋಡಿ, ಆಮೇಲೆ ವಾಲ್ವ್ ಬಗ್ಗೆ, ಅದಾದ ಮೇಲೆ ಮೋಟರಿನ ಬಗ್ಗೆ ಯೋಚಿಸುವವರೇ ಹೆಚ್ಚು. ಇದು ಹಿಂದುಮುಂದಾದ ದಾರಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆಯ ಹೊಲಗಳಲ್ಲಿ ಆಟೊಮ್ಯಾಟಿಕ್ ನೀರಾವರಿ ಕೈಕೊಡುವುದು ಹೆಚ್ಚಾಗಿ ಸೆನ್ಸರ್‌ನಿಂದಲ್ಲ. ರೇವೆ ಕಟ್ಟಿದ ಫಿಲ್ಟರ್, ಹೊತ್ತಲ್ಲದ ಹೊತ್ತಿಗೆ ಬರುವ ತ್ರೀ ಫೇಸ್ ಕರೆಂಟು, ಕಸ ಸಿಕ್ಕಿ ಮುಚ್ಚದ ವಾಲ್ವ್ ಇವುಗಳಿಂದ. ಆದ್ದರಿಂದ ಇಲ್ಲಿ ನೀರಿನಿಂದ ಶುರು ಮಾಡಿ, ಸೆನ್ಸರ್‌ಗೆ ಕೊನೆಗೆ ಬರುತ್ತೇವೆ.

ಲೆಕ್ಕಕ್ಕೆ ಒಂದು ಎಕರೆ ಟೊಮೆಟೊ ಹಿಡಿಯೋಣ. ಮರಳು ಮಿಶ್ರಿತ ಕೆಮ್ಮಣ್ಣು, 4 ಅಡಿ ಅಂತರದ ಏರುಮಡಿ, ಮೇಲೆ ಮಲ್ಚಿಂಗ್ ಶೀಟು, ಮಡಿಗೊಂದು 16 ಮಿ.ಮೀ. ಇನ್‌ಲೈನ್ ಪೈಪು, 40 ಸೆಂ.ಮೀ.ಗೊಂದು ಡ್ರಿಪ್ಪರ್, ಡ್ರಿಪ್ಪರ್‌ಗೆ ಗಂಟೆಗೆ 2 ಲೀಟರ್. ಬೆಳೆ ಬೇರೆಯಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಮೊದಲು ಬೋರ್‌ವೆಲ್ ಎಷ್ಟು ಕೊಡುತ್ತದೆ ಅಳೆಯಿರಿ

‘ಎರಡು ಇಂಚು ನೀರಿದೆ’ ಎಂಬ ಮಾತು ಬೋರ್ ಕೊರೆದ ದಿನದ್ದು. ಇವತ್ತಿನ ಲೆಕ್ಕ ಬೇಕು. ಮೋಟರು ಹಾಕಿ ಅರ್ಧ ಗಂಟೆ ಓಡಲಿ. ಮೊದಲ ಹತ್ತು ನಿಮಿಷದ ರಭಸ ಕೇಸಿಂಗ್‌ನಲ್ಲಿ ನಿಂತಿದ್ದ ನೀರಿನದು, ಅದನ್ನು ನಂಬಬೇಡಿ. ಆಮೇಲೆ 200 ಲೀಟರಿನ ಡ್ರಮ್ಮು ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. 90 ಸೆಕೆಂಡಿಗೆ ತುಂಬಿದರೆ ಗಂಟೆಗೆ 8,000 ಲೀಟರ್. ಇದನ್ನೇ ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ ಅಳೆದು, ಎರಡರಲ್ಲಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಿ. ಸಾವಿರ ಅಡಿ ದಾಟಿದ ಬೋರ್‌ಗಳಲ್ಲಿ ಬೇಸಿಗೆಗೂ ಕಾರ್ತಿಕಕ್ಕೂ ಅಜಗಜಾಂತರ.

ಈಗ ಡ್ರಿಪ್ ಕೇಳುವುದೆಷ್ಟು? ಎಕರೆಗೆ 4,047 ಚದರ ಮೀಟರ್. ಮಡಿಯ ಅಂತರ 1.2 ಮೀಟರ್ ಆದ್ದರಿಂದ ಸುಮಾರು 3,370 ಮೀಟರ್ ಪೈಪು, 8,430 ಡ್ರಿಪ್ಪರ್, ಗಂಟೆಗೆ 16,860 ಲೀಟರ್. 8,000 ಕೊಡುವ ಬೋರ್ ಇದನ್ನು ಒಟ್ಟಿಗೆ ಎಳೆಯಲಾರದು. ಎರಡು ಭಾಗ ಮಾಡಿದರೂ ತಲಾ 8,430 ಆಗಿ ಸಾಲದು. ಮೂರು ಭಾಗ ಮಾಡಿದರೆ ತಲಾ 5,620 ಲೀಟರ್. ಉಳಿಯುವ 2,400 ಲೀಟರಿಗೆ ಬೈಪಾಸ್ ಪೈಪು ಹಾಕಿ ಕೃಷಿ ಹೊಂಡಕ್ಕೋ ತೊಟ್ಟಿಗೋ ಬಿಡಿ. ಬೈಪಾಸ್ ಇಲ್ಲದಿದ್ದರೆ ಆ ಹೆಚ್ಚುವರಿ ಒತ್ತಡವೆಲ್ಲ ಲ್ಯಾಟರಲ್ (ಮಡಿಯ ಡ್ರಿಪ್ ಪೈಪು) ಮೇಲೆ ಬೀಳುತ್ತದೆ, ಅದನ್ನು ಕೂರಿಸಿದ ರಬ್ಬರ್ ಗ್ರೋಮೆಟ್ ಕಿತ್ತು ಬರುತ್ತದೆ, ಲ್ಯಾಟರಲ್‌ಗಳಿಗೆ ನೀರು ಹಂಚುವ ಸಬ್‌ಮೇನ್ ಪೈಪಿನ ಉದ್ದಕ್ಕೂ ಕಾರಂಜಿ. ಗೇಜ್‌ನಲ್ಲಿ 1 ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡ ನಿಲ್ಲುವಂತೆ ಬೈಪಾಸ್ ಗೇಟ್ ವಾಲ್ವ್ ತಿರುಗಿಸಿ, ಅಲ್ಲಿಗೆ ಬಣ್ಣದ ಗುರುತು ಹಾಕಿಬಿಡಿ. ಕೆಲಸಕ್ಕೆ ಬಂದವರು ಯಾರಾದರೂ ಅದನ್ನು ತಿರುಗಿಸಿಯೇ ತಿರುಗಿಸುತ್ತಾರೆ.

ಮತ್ತೊಂದು ಅಂಕಿ ಇಲ್ಲೇ ಹುಟ್ಟುತ್ತದೆ, ಮುಂದೆ ಪದೇ ಪದೇ ಬೇಕಾಗುತ್ತದೆ. ಒಂದು ಡ್ರಿಪ್ಪರ್ ಪಾಲಿಗೆ ಬರುವ ಜಾಗ 1.2 × 0.4 = 0.48 ಚದರ ಮೀಟರ್. ಗಂಟೆಗೆ 2 ಲೀಟರ್ ಎಂದರೆ ಗಂಟೆಗೆ 4.2 ಮಿ.ಮೀ. ಮಳೆ ಬಂದ ಹಾಗೆ. ಬೆಂಗಳೂರಿನ ಸುತ್ತ ಏಪ್ರಿಲ್ ಬಿಸಿಲಿಗೆ ತುಂಬಿ ನಿಂತ ಬೆಳೆ ದಿನಕ್ಕೆ 5ರಿಂದ 6 ಮಿ.ಮೀ. ಕುಡಿಯುತ್ತದೆ. 5 ಮಿ.ಮೀ. ಕೊಡಲು 72 ನಿಮಿಷ, ಎಕರೆಗೆ ಸುಮಾರು 20,000 ಲೀಟರ್. ಮೂರು ಭಾಗಕ್ಕೂ ಸೇರಿ 3 ಗಂಟೆ 36 ನಿಮಿಷ ಮೋಟರು ಓಡಬೇಕು. 6 ಮಿ.ಮೀ. ಬೇಕಾದ ದಿನ 4 ಗಂಟೆ ದಾಟುತ್ತದೆ.

ಕರೆಂಟಿನ ಪಾಳಿ

ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ಸರ್ಕಾರದ ಲೆಕ್ಕ. ಅದು ಹಗಲು ಒಂದಿಷ್ಟು, ರಾತ್ರಿ ಒಂದಿಷ್ಟು ಎಂದು ಪಾಳಿಯಲ್ಲಿ ಬರುತ್ತದೆ. ಹೊರಗಿನವರು ಬರೆದ ಮಾರ್ಗದರ್ಶಿಗಳಲ್ಲಿ ಈ ಅಧ್ಯಾಯವೇ ಇರುವುದಿಲ್ಲ: ತೇವ ಕಡಿಮೆಯಾದ ಕ್ಷಣ ಪಂಪು ಓಡುತ್ತದೆ ಎಂದುಕೊಂಡೇ ಅವರು ಬರೆದಿರುತ್ತಾರೆ. ಇಲ್ಲಿ ಮಧ್ಯಾಹ್ನ ಎರಡಕ್ಕೆ ಸೆನ್ಸರ್ ‘ನೀರು’ ಎಂದರೆ ಕರೆಂಟು ರಾತ್ರಿ ಹತ್ತಕ್ಕೆ ಬಂದೀತು.

ಎರಡು ದಾರಿಗಳಿವೆ. ಒಂದು, ಕರೆಂಟು ಬಂದಾಗ ಬೋರ್ ನೀರನ್ನು ಹೊಂಡಕ್ಕೋ ಸಿಮೆಂಟ್ ತೊಟ್ಟಿಗೋ ತುಂಬಿಕೊಂಡು, ಅಲ್ಲಿಂದ ಸೋಲಾರ್ ಅಥವಾ ಸಣ್ಣ ಪಂಪಿನಿಂದ ಡ್ರಿಪ್‌ಗೆ ಬಿಡುವುದು. ಕೃಷಿ ಹೊಂಡ ಮೊದಲೇ ಇದ್ದವರಿಗೆ ಇದೇ ಸಲೀಸು, ನೀರಿನಲ್ಲಿದ್ದ ಮಣ್ಣು ಹೊಂಡದ ತಳದಲ್ಲೇ ಕೂರುತ್ತದೆ ಎಂಬ ಲಾಭ ಬೇರೆ. ಆದರೆ ಹೊಂಡದಲ್ಲಿ ಪಾಚಿ ಬೆಳೆಯುತ್ತದೆ, ಅದಕ್ಕೆ ಸ್ಕ್ರೀನ್ ಫಿಲ್ಟರ್ ಒಂದೇ ಸಾಲದು, ಸ್ಯಾಂಡ್ ಫಿಲ್ಟರ್ ಬೇಕು. ಎರಡನೆಯ ದಾರಿ, ಬೋರ್‌ನಿಂದ ನೇರ ಡ್ರಿಪ್‌ಗೆ ಬಿಟ್ಟು, ಕಂಟ್ರೋಲರ್‌ಗೆ (ಸೆನ್ಸರ್ ಓದಿ ವಾಲ್ವ್, ಮೋಟರು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿಗೆ) ಮುಂದಾಲೋಚನೆ ಕಲಿಸುವುದು. ಆ ಲೆಕ್ಕ ಕೆಳಗೆ ಬರುತ್ತದೆ.

ಫಿಲ್ಟರ್, ವಾಲ್ವ್, ಮೀಟರ್

ಬೋರ್ ನೀರಿಗೆ 120 ಮೆಶ್ ಡಿಸ್ಕ್ ಫಿಲ್ಟರ್ ಸಾಕು, ಕೆಂಪು ರೇವೆ ಹೆಚ್ಚು ಬಂದರೆ ಅದಕ್ಕೂ ಮೊದಲು ನೀರನ್ನು ಸುಳಿಯಂತೆ ತಿರುಗಿಸಿ ಮರಳು ಬೇರ್ಪಡಿಸುವ ಹೈಡ್ರೋಸೈಕ್ಲೋನ್. ಫಿಲ್ಟರಿನ ಮುಂದೊಂದು ಹಿಂದೊಂದು ಗೇಜ್ ಹಾಕಿ. ಎರಡರ ವ್ಯತ್ಯಾಸ ಅರ್ಧ ಕೆ.ಜಿ. ಮುಟ್ಟಿದರೆ ತೊಳೆಯುವ ಕಾಲ ಬಂದಿದೆ.

ಭಾಗಕ್ಕೊಂದರಂತೆ ಒಂದೂವರೆ ಇಂಚಿನ, 24 ವೋಲ್ಟ್ ಎಸಿ ಸೊಲೆನಾಯ್ಡ್ (ಕರೆಂಟು ಕೊಟ್ಟರೆ ತೆರೆಯುವ) ವಾಲ್ವ್ ಮೂರು ಬೇಕು. ಈ ವಾಲ್ವ್‌ನೊಳಗೆ ಒಂದು ರಬ್ಬರ್ ಡಯಾಫ್ರಮ್ ಇದೆ. ಕಾಯಿಲ್ ತೆರೆಯುವುದು ಒಂದು ಸಣ್ಣ ತೂತನ್ನು ಮಾತ್ರ, ಡಯಾಫ್ರಮ್ಮನ್ನು ಎತ್ತುವುದೂ ಮುಚ್ಚುವುದೂ ನೀರಿನ ಒತ್ತಡವೇ. ಇದರಿಂದ ಎರಡು ಸಂಗತಿ ತಿಳಿದಿರಬೇಕು. ಆ ಸಣ್ಣ ತೂತಿಗೆ ಒಂದು ಮರಳ ಕಣ ಸಿಕ್ಕಿಕೊಂಡರೂ ವಾಲ್ವ್ ಮುಚ್ಚುವುದಿಲ್ಲ, ಆದ್ದರಿಂದ ವಾಲ್ವ್ ಯಾವತ್ತೂ ಫಿಲ್ಟರಿನ ನಂತರವೇ ಇರಬೇಕು. ಇನ್ನೊಂದು, ಮುಕ್ಕಾಲು ಕೆ.ಜಿ.ಗಿಂತ ಕಡಿಮೆ ಒತ್ತಡದಲ್ಲಿ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ. 3 ಮೀಟರ್ ಎತ್ತರದ ಟ್ಯಾಂಕಿನಿಂದ ಬರುವ ಒತ್ತಡ 0.3 ಕೆ.ಜಿ. ಮಾತ್ರ. ಟ್ಯಾಂಕಿನಿಂದ ಇಳಿಜಾರಿಗೆ ನೀರು ಬಿಡುವವರೂ ತಾರಸಿ ತೋಟದವರೂ ಈ ವಾಲ್ವ್ ಕೊಂಡು ‘ಕೆಟ್ಟ ಮಾಲು’ ಎಂದು ಅಂಗಡಿಗೆ ವಾಪಸ್ ತರುವುದು ಇದೇ ಕಾರಣಕ್ಕೆ. ಅವರಿಗೆ ಬೇಕಾದದ್ದು ಮೋಟರೈಸ್ಡ್ ಬಾಲ್ ವಾಲ್ವ್, ಅದಕ್ಕೆ ಒತ್ತಡದ ಹಂಗಿಲ್ಲ.

ಪಲ್ಸ್ ಕೊಡುವ (ಇಷ್ಟು ನೀರು ಹರಿದಾಗಲೆಲ್ಲ ಕಂಟ್ರೋಲರ್‌ಗೆ ಒಂದು ಸಿಗ್ನಲ್ ಕಳಿಸುವ) ನೀರಿನ ಮೀಟರನ್ನು ಮೇನ್ ಪೈಪಿನಲ್ಲಿ, ಬೈಪಾಸ್ ಆದ ಮೇಲೆ ಕೂರಿಸಿ. ದುಡ್ಡು ಉಳಿಸಲು ಹೊರಟವರು ಮೊದಲು ಕೈಬಿಡುವುದು ಇದನ್ನು, ಕೊನೆಗೆ ಕೊರಗುವುದೂ ಇದಕ್ಕೇ. ಸೆನ್ಸರ್ ಎರಡು ಕಡಿಮೆಯಾದರೂ ಪರವಾಗಿಲ್ಲ, ಮೀಟರ್ ಇರಲಿ. 5,620 ಲೀಟರ್ ಎಂದರೆ ನಿಮಿಷಕ್ಕೆ ಸುಮಾರು 94. ವಾಲ್ವ್ ತೆರೆದಿದ್ದು ಮೀಟರ್ 70ಕ್ಕಿಂತ ಕೆಳಗಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಬೋರ್ ಸೋಲುತ್ತಿದೆ. 115 ದಾಟಿದರೆ ಎಲ್ಲೋ ಎಂಡ್ ಕ್ಯಾಪ್ ಕಳಚಿದೆ ಅಥವಾ ಕಳೆ ಕೀಳುವಾಗ ಪೈಪು ಕುಯ್ದಿದೆ. ಒಂದು ನಿಮಿಷ ಏನೂ ಬರದಿದ್ದರೆ ಮೋಟರು ನಿಲ್ಲಬೇಕು.

ಸ್ಟಾರ್ಟರ್‌ಗೆ ಜೋಡಣೆ: ಇಲ್ಲಿ ಎಲೆಕ್ಟ್ರಿಷಿಯನ್ ಬೇಕೇ ಬೇಕು

ಕರೆಂಟು ಬಂದ ಕೂಡಲೇ ಮೋಟರು ಹೊರಡುವ ಆಟೊ ಸ್ವಿಚ್ ಹಳ್ಳಿಯ ಬಹುತೇಕ ಸ್ಟಾರ್ಟರ್‌ಗಳಲ್ಲಿದೆ. ಅದನ್ನು ತೆಗೆಯದೆ ವಾಲ್ವ್ ಆಟೊಮ್ಯಾಟಿಕ್ ಮಾಡಬೇಡಿ. ಮೂರೂ ವಾಲ್ವ್ ಮುಚ್ಚಿರುವಾಗ ರಾತ್ರಿ ಎರಡಕ್ಕೆ ಮೋಟರು ಎದ್ದರೆ ಪೈಪಿನ ಯಾವುದೋ ಜಾಯಿಂಟ್ ಬಾಯಿ ಬಿಡುತ್ತದೆ.

ಸ್ಟಾಪ್ ಬಟನ್‌ಗೆ ಸೀರೀಸ್‌ನಲ್ಲಿ ಒಂದು ರಿಲೇ (ಕಂಟ್ರೋಲರ್ ನಡೆಸುವ ಸ್ವಿಚ್), ಸ್ಟಾರ್ಟ್ ಬಟನ್‌ಗೆ ಪ್ಯಾರಲಲ್‌ನಲ್ಲಿ ಇನ್ನೊಂದು ರಿಲೇ. ಕಂಟ್ರೋಲರ್ ಎರಡು ಸೆಕೆಂಡು ಸ್ಟಾರ್ಟ್ ಒತ್ತಿದಂತೆ ಮಾಡುತ್ತದೆ, ನಿಲ್ಲಿಸಬೇಕಾದಾಗ ಸ್ಟಾಪ್ ತಂತಿಯನ್ನು ಬಿಡಿಸುತ್ತದೆ. ಸ್ಟಾರ್ಟರಿನ ಕೈಬಟನ್‌ಗಳು ಹಾಗೇ ಉಳಿಯುತ್ತವೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ನೀಲಿ ಡಬ್ಬಿಯ ರಿಲೇ ಮಾಡ್ಯೂಲ್ 250 ವೋಲ್ಟ್‌ಗೆ ಮಾಡಿದ್ದು. ತ್ರೀ ಫೇಸ್ ಸ್ಟಾರ್ಟರಿನ ಕಾಯಿಲ್ ಸಾಮಾನ್ಯವಾಗಿ ಎರಡು ಫೇಸ್ ನಡುವೆ, 415 ವೋಲ್ಟ್‌ನಲ್ಲಿ ಇರುತ್ತದೆ. ನೇರ ಜೋಡಿಸಿದರೆ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡು ಮೋಟರು ನಿಲ್ಲುವುದೇ ಇಲ್ಲ. ಆದ್ದರಿಂದ ಆ ಸಣ್ಣ ರಿಲೇ ಹೆಚ್ಚು ವೋಲ್ಟೇಜ್ ತಡೆಯುವ ಸ್ವಿಚ್ಚಾದ ಒಂದು ಸಣ್ಣ ಕಾಂಟ್ಯಾಕ್ಟರನ್ನು ಎಳೆಯಲಿ, ಕಾಂಟ್ಯಾಕ್ಟರ್ ಸ್ಟಾರ್ಟರಿನ ತಂತಿಯನ್ನು ಮುಟ್ಟಲಿ. ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರು ನಿಲ್ಲಿಸುವುದು) ಮತ್ತು ಡ್ರೈ ರನ್ (ನೀರಿಲ್ಲದೆ ಓಡದಂತೆ) ರಕ್ಷಣೆ ಇದ್ದದ್ದು ಇದ್ದ ಹಾಗೇ ಇರಬೇಕು. ಕಂಟ್ರೋಲರ್ ಅವುಗಳ ಬದಲಿಗೆ ಬರುವುದಲ್ಲ.

ಕ್ರಮ ಹೀಗಿರಲಿ: ವಾಲ್ವ್ ಮೊದಲು ತೆರೆದು 10 ಸೆಕೆಂಡಿನ ಮೇಲೆ ಮೋಟರು. ಭಾಗ ಬದಲಿಸುವಾಗ ಮುಂದಿನ ವಾಲ್ವ್ ತೆರೆದ ಮೇಲೆ ಹಿಂದಿನದು ಮುಚ್ಚಬೇಕು. ಮುಗಿದಾಗ ಮೋಟರು ಮೊದಲು, ವಾಲ್ವ್ ಆಮೇಲೆ. ಕರೆಂಟು ಹೋಗಿ ಬಂದರೆ ಎರಡು ನಿಮಿಷ ಕಾಯಬೇಕು, ಮೇಲಿನ ಪೈಪಿನ ನೀರು ಕೆಳಗಿಳಿಯುವ ಮೊದಲೇ ಮೋಟರು ಎಬ್ಬಿಸುವುದು ಅದಕ್ಕೆ ಒಳ್ಳೆಯದಲ್ಲ.

ಈಗ ಸೆನ್ಸರ್

ಎರಡು ಹಲ್ಲಿನ ಫೋರ್ಕ್‌ನಂಥ ರೆಸಿಸ್ಟಿವ್ ಸೆನ್ಸರ್ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಸರಿ. ಒದ್ದೆ ಮಣ್ಣಿನಲ್ಲಿ ಕರೆಂಟು ಹರಿದು ಲೋಹ ಕರಗುತ್ತದೆ, ಕೆಲವೇ ವಾರಗಳಲ್ಲಿ ಹಲ್ಲು ಸವೆದು ಹೋಗುತ್ತದೆ.

ಕಪ್ಪು ಪಟ್ಟಿಯಂಥ ಕೆಪ್ಯಾಸಿಟಿವ್ ಸೆನ್ಸರ್ ನೂರು-ಇನ್ನೂರು ರೂಪಾಯಿಗೆ ಸಿಗುತ್ತದೆ. ಕುಂಡಕ್ಕೆ, ಗ್ರೋ ಬ್ಯಾಗ್‌ಗೆ ಸಾಕು. ಕೊಳ್ಳುವಾಗ ಮೇಲಿನ ಚಿಪ್ ಓದಿ: ಟಿಎಲ್‌ಸಿ555 ಇದ್ದರೆ 3.3 ವೋಲ್ಟ್‌ನಲ್ಲಿ ಓಡುತ್ತದೆ. ಎನ್‌ಇ555 ಇದ್ದರೆ ಅದಕ್ಕೆ 4.5 ವೋಲ್ಟ್ ಬೇಕು, ಕಡಿಮೆ ಕೊಟ್ಟರೆ ಏನೇನೋ ಅಂಕಿ ಹೇಳುತ್ತದೆ. ಪಟ್ಟಿಯ ಕತ್ತರಿಸಿದ ಅಂಚಿನಿಂದ ನೀರು ಒಳಗಿಳಿಯುತ್ತದೆ. ಸುತ್ತ ಎರಡು ಕೋಟ್ ಎಪಾಕ್ಸಿ ಬಳಿದು, ಮೇಲಿನ ಚಿಪ್ ಭಾಗವನ್ನು ಎಪಾಕ್ಸಿಯಲ್ಲಿ ಮುಳುಗಿಸಿ ಹೀಟ್ ಶ್ರಿಂಕ್ ಹಾಕಿ. ಎಪಾಕ್ಸಿ ಸಿಗದಿದ್ದರೆ ನೇಲ್ ಪಾಲಿಶ್ ಕೂಡ ಒಂದು ಬೆಳೆಯ ಮಟ್ಟಿಗೆ ನಡೆಯುತ್ತದೆ. ಇದರ ಸಿಗ್ನಲ್ ಉದ್ದ ತಂತಿಯಲ್ಲಿ ಕೆಡುತ್ತದೆ, 2-3 ಮೀಟರಿಗಿಂತ ದೂರ ಎಳೆಯಬೇಡಿ. ಇಎಸ್‌ಪಿ-32 (ವೈಫೈ ಇರುವ ಸಣ್ಣ ಕಂಟ್ರೋಲರ್) ಬೋರ್ಡಿಗೆ ಜೋಡಿಸುವುದಾದರೆ 32ರಿಂದ 39ರವರೆಗಿನ ಪಿನ್‌ಗಳನ್ನೇ ಬಳಸಿ. ವೈಫೈ ಓಡುತ್ತಿರುವಾಗ ಉಳಿದ ಅನಲಾಗ್ ಪಿನ್‌ಗಳು ಓದುವುದಿಲ್ಲ, ಎಷ್ಟೋ ಜನ ಸೆನ್ಸರ್ ಸತ್ತಿತೆಂದು ಎಸೆಯುವುದು ಈ ಪಿನ್ನಿನ ತಪ್ಪಿಗೆ.

ಎಕರೆ ಹೊಲಕ್ಕೆ ನಮ್ಮ ಶಿಫಾರಸು ಸ್ಟೀಲ್ ಮುಳ್ಳುಗಳ, ಎಪಾಕ್ಸಿ ತುಂಬಿದ ಆರ್‌ಎಸ್-485 (ಉದ್ದ ತಂತಿಯಲ್ಲೂ ಕೆಡದ ಸಿಗ್ನಲ್‌ನ) ಸೆನ್ಸರ್. ಬೆಲೆ ಹತ್ತಾರು ಪಟ್ಟು, ಆದರೆ ಪಂಪ್ ಮನೆಯಿಂದ ಹೊಲದ ಕೊನೆಯವರೆಗೆ ನಾಲ್ಕು ಎಳೆಯ ಒಂದೇ ಕೇಬಲ್‌ನಲ್ಲಿ, ಭಾಗಕ್ಕೆ ಎರಡರಂತೆ ಆರೂ ಸೆನ್ಸರ್ ಜೋಡಿಸಬಹುದು. ಕೊಂಡಾಗ ಸಾಮಾನ್ಯವಾಗಿ ಎಲ್ಲದರ ವಿಳಾಸವೂ 1 ಎಂದೇ ಇರುತ್ತದೆ. ಒಂದೊಂದನ್ನೇ ಲ್ಯಾಪ್‌ಟಾಪಿಗೆ ಜೋಡಿಸಿ 1ರಿಂದ 6ರವರೆಗೆ ವಿಳಾಸ ಬದಲಿಸಿ, ಅಳಿಸದ ಪೆನ್ನಿನಲ್ಲಿ ಮೈಮೇಲೆ ಬರೆಯಿರಿ. ಇದನ್ನು ಮರೆತರೆ ಆರೂ ಒಟ್ಟಿಗೆ ಉತ್ತರ ಕೊಡುತ್ತವೆ, ಕಂಟ್ರೋಲರ್‌ಗೆ ಒಂದೂ ತಿಳಿಯುವುದಿಲ್ಲ. ಕೇಬಲ್ ಒಂದು ಸೆನ್ಸರ್‌ನಿಂದ ಮುಂದಿನದಕ್ಕೆ ಸರಪಣಿಯಂತೆ ಸಾಗಬೇಕು, ಎರಡೂ ತುದಿಗೆ 120 ಓಮ್ ರೆಸಿಸ್ಟರ್. ತಂತಿ ಎಳೆಯಲಾಗದಷ್ಟು ದೂರವಾದರೆ ಲೋರಾ (ಕಡಿಮೆ ಕರೆಂಟಿನಲ್ಲಿ ದೂರ ತಲುಪುವ) ರೇಡಿಯೊ ಬಳಸಿ. ನಮ್ಮ ದೇಶದಲ್ಲಿ 865-867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. 433ರದ್ದೋ 915ರದ್ದೋ ಮಾಡ್ಯೂಲ್ ತಂದುಕೊಳ್ಳಬೇಡಿ.

ಬರೀ ತೇವ ನೋಡಿ ಕೈಯಿಂದಲೇ ನೀರು ಬಿಡುವವರಿಗೆ ಇಷ್ಟೆಲ್ಲ ಬೇಕಿಲ್ಲ. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆ ರೂಪಿಸಿದ, ಬಣ್ಣದ ದೀಪದಲ್ಲಿ ತೇವ ತೋರಿಸುವ ಸಾಧನವೊಂದಿದೆ. ನೀಲಿ ಎಂದರೆ ನೀರು ಬೇಡ, ಕೆಂಪು ಎಂದರೆ ಕೂಡಲೇ ಬೇಕು. ಅಷ್ಟು ಸಾಕಾದವರು ಇಲ್ಲಿಗೇ ನಿಲ್ಲಬಹುದು.

ಎಲ್ಲಿ, ಹೇಗೆ ನೆಡುವುದು

ಭಾಗಕ್ಕೆ ಎರಡು ಸೆನ್ಸರ್, ಒಂದೇ ಜಾಗದಲ್ಲಿ ಎರಡು ಆಳಕ್ಕೆ: 15 ಸೆಂ.ಮೀ. ಮತ್ತು 30 ಸೆಂ.ಮೀ. ಮೇಲಿನದು ಯಾವಾಗ ಶುರು ಮಾಡಬೇಕೆಂದು ಹೇಳುತ್ತದೆ, ಕೆಳಗಿನದು ಅತಿಯಾಯಿತೇ ಎಂದು. ಕೆಳಗಿನದರ ಅಂಕಿ ಪ್ರತಿ ಸಲವೂ ಏರುತ್ತಿದ್ದರೆ ನೀರು ಬೇರು ದಾಟಿ ಹೋಗುತ್ತಿದೆ, ಅದರ ಜತೆ ನೀವು ವೆಂಚುರಿಯಲ್ಲಿ (ಡ್ರಿಪ್ ನೀರಿಗೆ ಗೊಬ್ಬರ ಎಳೆದು ಸೇರಿಸುವ ಸಾಧನ) ಬಿಟ್ಟ ಯೂರಿಯಾ ಕೂಡ.

ಜಾಗ ಆರಿಸುವಾಗ ಲ್ಯಾಟರಲ್‌ನ ಶುರುವೂ ಬೇಡ, ತುದಿಯೂ ಬೇಡ, ನಡುವೆ ಇರಲಿ. ಚೆನ್ನಾಗಿಯೂ ಅಲ್ಲದ ಸೊರಗಿಯೂ ಇಲ್ಲದ ಸಾಧಾರಣ ಗಿಡವೊಂದನ್ನು ನೋಡಿ. ಡ್ರಿಪ್ಪರ್‌ನಿಂದ 10-15 ಸೆಂ.ಮೀ. ದೂರ, ಗಿಡದ ಕಡೆಗೆ. ಡ್ರಿಪ್ಪರ್‌ನ ನೇರ ಕೆಳಗೆ ನೆಟ್ಟರೆ ಹೊಲವೆಲ್ಲ ಒಣಗಿದ್ದರೂ ಅದು ‘ಒದ್ದೆ’ ಎನ್ನುತ್ತಿರುತ್ತದೆ.

ನೆಡುವ ಕೆಲಸವೇ ಇಡೀ ಸೆನ್ಸರ್ ಕಥೆಯ ಅರ್ಧ. ಕೆಮ್ಮಣ್ಣಿನಲ್ಲಿ ಗರಸು ಕಲ್ಲು ಸಿಗುತ್ತದೆ, ಬಲವಂತವಾಗಿ ತಳ್ಳಿದರೆ ಮುಳ್ಳು ಬಾಗಿ ಪಕ್ಕದಲ್ಲಿ ಗಾಳಿ ಉಳಿಯುತ್ತದೆ. ಗಾಳಿ ಉಳಿದ ಸೆನ್ಸರ್ ಯಾವಾಗಲೂ ‘ಒಣ’ ಎನ್ನುತ್ತದೆ, ಕಂಟ್ರೋಲರ್ ನೀರು ಬಿಡುತ್ತಲೇ ಇರುತ್ತದೆ. ಹಿಂದಿನ ದಿನ ನೀರು ಬಿಟ್ಟು ಮಣ್ಣು ಹದಕ್ಕೆ ಬರಲಿ. ಬೇಕಾದ ಆಳಕ್ಕೆ ಕಿರಿದಾದ ಗುಂಡಿ ತೋಡಿ, ಅಗೆದ ಮಣ್ಣನ್ನು ಯಾವ ಪದರದಿಂದ ಬಂತೋ ಹಾಗೆಯೇ ಎರಡು ಗುಡ್ಡೆ ಮಾಡಿ. ಸೆನ್ಸರನ್ನು ಗುಂಡಿಯ ಅಗೆಯದ ಪಕ್ಕದ ಗೋಡೆಗೆ ಅಡ್ಡಡ್ಡ ಚುಚ್ಚಿ. ಕಲ್ಲು ತಗುಲಿದರೆ ಕಿತ್ತು ಎರಡು ಬೆರಳು ಪಕ್ಕಕ್ಕೆ ಸರಿಸಿ. ಅದೇ ಮಣ್ಣನ್ನು ಕಲ್ಲು ಆಯ್ದು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಮುಳ್ಳಿನ ಬುಡಕ್ಕೆ ಮೆತ್ತಿ, ಕೆಳಗಿನ ಗುಡ್ಡೆ ಕೆಳಗೆ, ಮೇಲಿನದು ಮೇಲೆ ತುಂಬುತ್ತಾ ಮುಷ್ಟಿಯಲ್ಲಿ ಅದುಮಿ. ಕಾಲಲ್ಲಿ ತುಳಿಯಬೇಡಿ. ಕೇಬಲ್ ನೇರ ಮೇಲಕ್ಕೆ ಬಂದರೆ ಅದರ ಮೈಗುಂಟ ನೀರು ಸೆನ್ಸರ್‌ಗೇ ಇಳಿಯುತ್ತದೆ. ಸೆನ್ಸರ್‌ಗಿಂತ ಕೆಳಕ್ಕೊಂದು ಬಳುಕು ಕೊಟ್ಟು, ಆಮೇಲೆ ಮೇಲಕ್ಕೆ ತನ್ನಿ. ಹೊರಗೆ ಬಂದ ಕೇಬಲನ್ನು ಮುಕ್ಕಾಲು ಇಂಚಿನ ಪಿವಿಸಿ ಪೈಪಿನಲ್ಲಿ ತೂರಿಸಿ. ಇಲಿ, ಹೆಗ್ಗಣ, ಅಳಿಲಿಗೆ ಕೇಬಲ್ ಎಂದರೆ ಪ್ರಾಣ. ಪಕ್ಕದಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟ ನೆಡಿ, ಕುಂಟೆ ಹೊಡೆಯುವವರಿಗೆ ಕಾಣಬೇಕು.

ನಿಮ್ಮ ಮಣ್ಣಿನ ಅಂಕಿ ಕಂಡುಹಿಡಿಯುವುದು

ಸೆನ್ಸರ್ ತೋರಿಸುವ ಶೇಕಡಾ ಅದು ತಯಾರಾದ ಕಡೆಯ ಮಣ್ಣಿನದು, ನಿಮ್ಮದಲ್ಲ. ಹೊಲದಲ್ಲೇ ಎರಡು ಅಂಕಿ ಹಿಡಿಯಬೇಕು.

ಮೊದಲನೆಯದು ತುಂಬು ಹದ. ಸೆನ್ಸರ್ ಇರುವ ಜಾಗಕ್ಕೆ ಚೆನ್ನಾಗಿ ನೆನೆಯುವಷ್ಟು ನೀರು ಬಿಟ್ಟು, ಮಲ್ಚಿಂಗ್ ಶೀಟಿನ ತೂತುಗಳನ್ನೂ ಮುಚ್ಚಿ, 24 ಗಂಟೆ ಬಿಡಿ. ನಿಲ್ಲದ ನೀರೆಲ್ಲ ಕೆಳಗಿಳಿದು, ಮಣ್ಣು ಹಿಡಿದಿಟ್ಟುಕೊಂಡದ್ದು ಮಾತ್ರ ಉಳಿಯುತ್ತದೆ. ಗಿಡ ನೆಡುವ ಮೊದಲು ಮಾಡಿದರೆ ಇನ್ನೂ ನಿಖರ. ನಮ್ಮ ಮರಳು ಕೆಮ್ಮಣ್ಣಿನಲ್ಲಿ ಇದು ಗಾತ್ರದ ಲೆಕ್ಕದಲ್ಲಿ ಶೇ. 18ರ ಆಸುಪಾಸು ಬರುತ್ತದೆ.

ಸೆನ್ಸರ್ ಹೇಳಿದ್ದು ನಿಜವೇ ಎಂದು ತಕ್ಕಡಿಯಲ್ಲಿ ನೋಡಿ. ಅದೇ ಆಳದಿಂದ 100 ಗ್ರಾಂ ಒದ್ದೆ ಮಣ್ಣು ತೆಗೆದು 105 ಡಿಗ್ರಿ ಓವನ್‌ನಲ್ಲಿ 24 ಗಂಟೆ ಒಣಗಿಸಿ. 89 ಗ್ರಾಂ ಉಳಿದರೆ ನೀರು 11 ಗ್ರಾಂ, ಒಣ ಮಣ್ಣಿನ ತೂಕಕ್ಕೆ ಶೇ. 12.4. ಸೆನ್ಸರ್ ಹೇಳುವುದು ಗಾತ್ರದ ಲೆಕ್ಕ, ಆದ್ದರಿಂದ ಇದನ್ನು ಮಣ್ಣಿನ ಸಾಂದ್ರತೆಯಿಂದ ಗುಣಿಸಬೇಕು. ಸಾಂದ್ರತೆಗೆ ಒಂದು ಸರಳ ಉಪಾಯ: ಬೊಗಸೆಯಷ್ಟು ಗುಂಡಿ ತೋಡಿ, ತೆಗೆದ ಮಣ್ಣನ್ನೆಲ್ಲ ಒಣಗಿಸಿ ತೂಗಿ. ಗುಂಡಿಗೆ ತೆಳು ಪ್ಲಾಸ್ಟಿಕ್ ಚೀಲ ಹಾಸಿ, ಬಾಯಿಮಟ್ಟ ತುಂಬಲು ಎಷ್ಟು ಮಿಲಿ ನೀರು ಬೇಕಾಯಿತೆಂದು ಅಳೆಯಿರಿ. 1,500 ಗ್ರಾಂ ಮಣ್ಣು, 1,000 ಮಿಲಿ ನೀರು ಆದರೆ ಸಾಂದ್ರತೆ 1.5. 12.4 × 1.5 = 18.6. ಸೆನ್ಸರ್ 24 ಎನ್ನುತ್ತಿದ್ದರೆ ಅದು ಐದೂವರೆ ಅಂಕ ಹೆಚ್ಚು ಹೇಳುತ್ತಿದೆ. ಮಣ್ಣು ಒಣಗುತ್ತಾ ಬಂದಾಗ ಇನ್ನೆರಡು ಸಲ ಹೀಗೇ ಮಾಡಿ, ಮೂರೂ ಬಿಂದು ಸೇರಿಸಿ ಗೆರೆ ಎಳೆಯಿರಿ.

ಎರಡನೆಯ ಅಂಕಿ, ಗಿಡ ಹೀರಲಾರದ ಮಟ್ಟ. ಈ ಮಣ್ಣಿಗೆ ಶೇ. 8ರ ಹತ್ತಿರ. ಗಿಡ ಬಾಡಿಸಿ ಪರೀಕ್ಷಿಸುವುದು ಬೇಡ, ಇದನ್ನು ಹಾಗೇ ಇಟ್ಟುಕೊಳ್ಳಿ. 18ಕ್ಕೂ 8ಕ್ಕೂ ನಡುವಿನ 10 ಅಂಕ ಗಿಡದ ಪಾಲಿನ ನೀರು. ಟೊಮೆಟೊ ಅದರಲ್ಲಿ ಶೇ. 40 ಭಾಗ ಖರ್ಚಾಗುವವರೆಗೆ ಸುಮ್ಮನಿರುತ್ತದೆ, ಅಂದರೆ 14. ಅಲ್ಲಿಂದ ಕೆಳಗಿಳಿದರೆ ಹೂ ಉದುರುವುದು, ಆಮೇಲೆ ಒಮ್ಮೆಲೇ ನೀರು ಸಿಕ್ಕಾಗ ಕಾಯಿ ಸೀಳುವುದು ಶುರು. ಕಪ್ಪು ಎರೆಭೂಮಿಯವರು ಈ ಅಂಕಿಗಳನ್ನು ಬಳಸಬಾರದು, ಅಲ್ಲಿ ಎಲ್ಲವೂ ಎರಡು ಪಟ್ಟಿಗೆ ಹತ್ತಿರ. ಕೊಕೊಪೀಟ್ ತುಂಬಿದ ಗ್ರೋ ಬ್ಯಾಗ್‌ಗಂತೂ ಬೇರೆಯೇ ಲೆಕ್ಕ ಮಾಡಬೇಕು.

ಕಂಟ್ರೋಲರ್‌ಗೆ ಹೇಳಬೇಕಾದ ನಿಯಮಗಳು

14ಕ್ಕೆ ಶುರು, 17ಕ್ಕೆ ನಿಲ್ಲಿಸು. ಎರಡೂ ಒಂದೇ ಅಂಕಿಯಾದರೆ ಮೋಟರು ನಿಮಿಷಕ್ಕೊಮ್ಮೆ ಹತ್ತಿ ಇಳಿಯುತ್ತದೆ, ಅಂತರ ಇರಲೇಬೇಕು. ಆದರೆ 17 ಕಾಣುವವರೆಗೂ ಬಿಡುತ್ತಾ ಹೋಗುವುದೂ ತಪ್ಪು. ಡ್ರಿಪ್ಪರ್‌ನಿಂದ ಬಿದ್ದ ನೀರು 15 ಸೆಂ.ಮೀ. ಇಳಿದು ಸೆನ್ಸರ್ ಮುಟ್ಟಲು ಹೊತ್ತು ಹಿಡಿಯುತ್ತದೆ. ಸೆನ್ಸರ್‌ಗೆ ಗೊತ್ತಾಗುವಷ್ಟರಲ್ಲಿ ಹೆಚ್ಚಾಗಿರುತ್ತದೆ. ಒಂದೊಂದು ಭಾಗಕ್ಕೂ 25 ನಿಮಿಷ ಬಿಟ್ಟು ಮುಂದಿನ ಭಾಗಕ್ಕೆ ಹೋಗಿ, ಮೂರು ಭಾಗ ಸುತ್ತಿ ಬರುವಷ್ಟರಲ್ಲಿ ಮೊದಲನೆಯದರಲ್ಲಿ ನೀರು ಇಳಿದಿರುತ್ತದೆ. ಆಗ ಓದಿ, ಬೇಕಿದ್ದರೆ ಇನ್ನೊಂದು ಸುತ್ತು. ದಿನಕ್ಕೆ ಭಾಗಕ್ಕೆ 90 ನಿಮಿಷ ದಾಟಬಾರದು, ಸೆನ್ಸರ್ ಏನೇ ಹೇಳಲಿ. ಮೂರಕ್ಕೂ ಸೇರಿ ನಾಲ್ಕೂವರೆ ಗಂಟೆ, 7 ಗಂಟೆಯ ಪಾಳಿಯೊಳಗೆ ಮುಗಿಯುತ್ತದೆ.

ಇನ್ನು ಮುಂದಾಲೋಚನೆಯ ಲೆಕ್ಕ. ಡ್ರಿಪ್‌ನಲ್ಲಿ ನೆನೆಯುವುದು ನೆಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಮಾತ್ರ. ಬೇರಿನ ಆಳ 30 ಸೆಂ.ಮೀ. ಹಿಡಿದರೆ, ದಿನಕ್ಕೆ 5 ಮಿ.ಮೀ. ಖರ್ಚಾಗುವ ಏಪ್ರಿಲ್‌ನಲ್ಲಿ ಸೆನ್ಸರ್ ಅಂಕಿ ದಿನಕ್ಕೆ ಸುಮಾರು 3 ಇಳಿಯುತ್ತದೆ. ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಅಂಕಿ 16 ಇದೆ, ಮುಂದಿನ ಕರೆಂಟು ನಾಳೆ ರಾತ್ರಿ. 14 ಆಗಿಲ್ಲವೆಂದು ಸುಮ್ಮನಿದ್ದರೆ ನಾಳೆ ಸಂಜೆಗೆ 13. ಆದ್ದರಿಂದ ನಿಯಮ ಹೀಗೆ ಬರೆಯಿರಿ: ‘ಈಗಿನ ಅಂಕಿಯಿಂದ ನಿನ್ನೆ ಇಳಿದಷ್ಟನ್ನು ಕಳೆದಾಗ 14ಕ್ಕಿಂತ ಕಡಿಮೆಯಾದರೆ ಈಗಲೇ ಬಿಡು.’ ನಿನ್ನೆಯ ಇಳಿತವನ್ನೇ ಬಳಸುವುದರಿಂದ ಮೋಡದ ದಿನ, ಚಳಿಗಾಲ ಎಲ್ಲಕ್ಕೂ ಅದು ತಾನಾಗಿ ಹೊಂದಿಕೊಳ್ಳುತ್ತದೆ.

ಸೆನ್ಸರ್ ಸುಳ್ಳು ಹೇಳುವ ಹೊತ್ತುಗಳಿವೆ. ಡ್ರಿಪ್‌ನಲ್ಲಿ ಗೊಬ್ಬರ ಬಿಟ್ಟ ಮೇಲೆ ಮಣ್ಣಿನ ಲವಣ ಏರಿ, ತೇವ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಗಡಸು ನೀರಿನ ಬೋರ್‌ಗಳಲ್ಲೂ ಹೀಗೇ. ಮಧ್ಯಾಹ್ನದ ಬಿಸಿಗೆ ಅಗ್ಗದ ಸೆನ್ಸರ್‌ಗಳ ಅಂಕಿ ಅಲುಗುತ್ತದೆ, ತೀರ್ಮಾನಕ್ಕೆ ಬೆಳಗಿನ ಜಾವದ ಓದೇ ಹೆಚ್ಚು ನಂಬಿಕೆಯದು. ಅಂಕಿ 3ಕ್ಕಿಂತ ಕೆಳಗೋ 45ಕ್ಕಿಂತ ಮೇಲೋ ಹೋದರೆ, ಅಥವಾ ನೀರು ಬಿಟ್ಟ ಎರಡು ಗಂಟೆಯ ಮೇಲೂ ಮೇಲಿನ ಸೆನ್ಸರ್ ಅಲುಗದಿದ್ದರೆ, ಅದನ್ನು ಲೆಕ್ಕದಿಂದ ಬಿಟ್ಟು ಆ ಭಾಗಕ್ಕೆ ಬರೀ ಟೈಮರ್ ಪ್ರಕಾರ 45 ನಿಮಿಷ ಕೊಟ್ಟು, ಮೊಬೈಲಿಗೆ ಸಂದೇಶ ಕಳಿಸಬೇಕು. ಸೆನ್ಸರ್ ಸತ್ತಾಗ ಬೆಳೆಯೂ ಸಾಯಬಾರದು, ಬೋರ್ ಕೂಡ ಬರಿದಾಗಬಾರದು.

ನೆಟ್‌ವರ್ಕ್ ಇಲ್ಲದಿದ್ದರೂ ಈ ನಿಯಮಗಳೆಲ್ಲ ಪಂಪ್ ಮನೆಯ ಡಬ್ಬಿಯಲ್ಲೇ ಓಡಬೇಕು. ತೀರ್ಮಾನವನ್ನು ಕ್ಲೌಡ್‌ಗೆ ಬಿಟ್ಟರೆ ಮೊಬೈಲ್ ಟವರ್ ಮಲಗಿದ ದಿನ ವಾಲ್ವ್ ತೆರೆದೇ ಉಳಿದೀತು. ಇನ್ನೊಂದು ಸಣ್ಣ ಎಚ್ಚರಿಕೆ: ಬೋರ್ಡ್ ಹೊತ್ತಿಕೊಳ್ಳುವ ಮೊದಲ ಕ್ಷಣದಲ್ಲಿ ಕೆಲವು ಪಿನ್‌ಗಳು ತಾವಾಗಿ ಅಲುಗಿ ರಿಲೇ ಟಕ್ಕೆನ್ನುತ್ತದೆ. ಇಎಸ್‌ಪಿ-32ರ 0, 2, 12, 15ನೇ ಪಿನ್‌ಗಳನ್ನು ರಿಲೇಗೆ ಕೊಡಬೇಡಿ. ಏಪ್ರಿಲ್-ಮೇ ಗುಡುಗು ಮಳೆಗೆ ಉದ್ದ ಕೇಬಲ್ ಮಿಂಚಿನ ಆಘಾತ ಹೊತ್ತು ತರುತ್ತದೆ, ಡಬ್ಬಿಗೆ ಒಳಬರುವಲ್ಲಿ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಇರಲಿ.

ಹತ್ತು ದಿನ ಬರೀ ಬಾಯಿಮಾತು

ಎಲ್ಲ ಜೋಡಿಸಿದ ಮೇಲೆ ಹತ್ತು ದಿನ ರಿಲೇಗಳನ್ನು ಬಿಚ್ಚಿಡಿ. ಕಂಟ್ರೋಲರ್ ‘ಈಗ ಬಿಡುತ್ತಿದ್ದೆ’ ಎಂದು ಬರೆದುಕೊಳ್ಳಲಿ, ನೀರು ನೀವೇ ಬಿಡಿ. ದಿನಾ ಬೆಳಿಗ್ಗೆ ಸೆನ್ಸರ್ ಪಕ್ಕದ ಮಣ್ಣನ್ನು ಒಂದು ಹಿಡಿ ತೆಗೆದು ಉಂಡೆ ಕಟ್ಟಿ. ಉಂಡೆ ನಿಂತು ಅಂಗೈಗೆ ತಂಪು ತಗುಲಿದರೆ ತೇವ ಸಾಕು. ಉಂಡೆ ಕಟ್ಟಿ ಬೆರಳು ತಾಗಿದೊಡನೆ ಒಡೆದರೆ ಇವತ್ತೋ ನಾಳೆಯೋ ನೀರು ಬೇಕು. ಕಟ್ಟದೆ ಉದುರಿದರೆ ತಡವಾಗಿದೆ. ಕೈ ಹೇಳಿದ್ದಕ್ಕೂ ಕಂಟ್ರೋಲರ್ ಬರೆದದ್ದಕ್ಕೂ ನಾಲ್ಕು ದಿನ ಸತತ ಹೊಂದಿಕೆಯಾಗದಿದ್ದರೆ ಸೆನ್ಸರ್ ಕಿತ್ತು ಮತ್ತೆ ನೆಡಿ. ಬಹುಪಾಲು ಸಂದರ್ಭದಲ್ಲಿ ತಪ್ಪು ನೆಟ್ಟದ್ದರಲ್ಲಿ ಇರುತ್ತದೆ.

ಆಮೇಲೆ ವಾರಕ್ಕೊಮ್ಮೆ ಎಂಡ್ ಕ್ಯಾಪ್ ಬಿಚ್ಚಿ ಲ್ಯಾಟರಲ್ ತೊಳೆಯುವುದು, ತಿಂಗಳಿಗೊಮ್ಮೆ ಒಂದೊಂದು ವಾಲ್ವ್‌ನ ಕಾಯಿಲ್ ಕೆಳಗೆ ಇರುವೆ ಗೂಡು ಕಟ್ಟಿದೆಯೇ ನೋಡುವುದು. ಹನಿ ನೀರಾವರಿಗೆ ಸಹಾಯಧನ ಇನ್ನೂ ಪಡೆಯದವರು ಪೈಪು ಕೊಳ್ಳುವ ಮೊದಲೇ ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ಹಿಡಿದು ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ವಿಚಾರಿಸಿ. ಮೊದಲೇ ಕೊಂಡು ಆಮೇಲೆ ಅರ್ಜಿ ಹಾಕಿದರೆ ಕೆಲಸ ಕಷ್ಟ.

ಬೆಳೆ ಮುಗಿದು ರೋಟವೇಟರ್ ಬರುವ ಹಿಂದಿನ ದಿನ ಸೆನ್ಸರ್‌ಗಳನ್ನು ಕೇಬಲ್ ಹಿಡಿದೆಳೆಯದೆ, ಅಗೆದೇ ತೆಗೆಯಿರಿ. ಬರೀ ನೀರಿನಲ್ಲಿ ತೊಳೆದು, ಮೈಮೇಲಿನ ವಿಳಾಸದ ಸಂಖ್ಯೆ ಅಳಿಸಿದ್ದರೆ ಮತ್ತೆ ಬರೆದು ನೆರಳಿನಲ್ಲಿಡಿ. ಮುಂದಿನ ಬೆಳೆಗೆ ಆರನ್ನೂ ಒಂದೇ ಬಕೆಟ್ ಒದ್ದೆ ಮಣ್ಣಿನಲ್ಲಿ ಒಟ್ಟಿಗೆ ನೆಟ್ಟು ನೋಡಿ: ಉಳಿದವಕ್ಕಿಂತ ಮೂರು ಅಂಕ ಆಚೀಚೆ ಹೇಳುವುದನ್ನು ಹೊಲಕ್ಕೆ ಒಯ್ಯಬೇಡಿ, ಮನೆ ಮುಂದಿನ ಕುಂಡಕ್ಕೆ ಅದು ಸಾಕು.